ಸರಳಿನ ತುದಿಯ ಬಟ್ಟೆ

ಮುನಿರಾಮಯ್ಯನ ಸೈಕಲ್ಲಿನ ಎಣ್ಣೆದೀಪ ಇನ್ನೂ ಉರಿಯುತ್ತಿತ್ತು. ಮುನಿರಾಮಯ್ಯ ಉಸಿರಾಡುತ್ತಿರಲಿಲ್ಲ.

ಐವತ್ತಾರನೆಯ ಇಸವಿಯ ಡಿಸೆಂಬರ್. ಬೆಳಿಗ್ಗೆ ಏಳು ಗಂಟೆ. ಕಾಮಾಕ್ಷಿಪಾಳ್ಯದ ಬಳಿ ಮಾಗಡಿ ರಸ್ತೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಬ್ ಇನ್‌ಸ್ಪೆಕ್ಟರ್ ರೇವಣಸಿದ್ದಪ್ಪನಿಗೆ ಮೊದಲು ಕಂಡದ್ದು ಆ ದೀಪ, ಆಮೇಲೆ ಸೈಕಲ್ಲು, ಕೊನೆಗೆ ಲಾರಿ. ಲಾರಿ ರಸ್ತೆಯ ಎಡಕ್ಕೆ ನಿಂತಿತ್ತು. ದೀಪವಿಲ್ಲ. ಡ್ರೈವರಿಲ್ಲ. ಹಿಂದಿನಿಂದ ಕಬ್ಬಿಣದ ಸರಳುಗಳು ನಾಲ್ಕು ಮೊಳ ಹೊರಚಾಚಿದ್ದವು. ಮಿಲ್ಲಿನ ಬೆಳಗಿನ ಪಾಳಿಗೆ ಹೊರಟಿದ್ದ ಮುನಿರಾಮಯ್ಯ ನೇರವಾಗಿ ಹೋಗಿ ಅವುಗಳಿಗೆ ಬಡಿದಿದ್ದ. ಸೈಕಲ್ಲು ಲಾರಿಯ ಹಿಂಚಕ್ರಕ್ಕೆ ಒರಗಿ ನಿಂತಿತ್ತು, ಯಾರೋ ಜೋಪಾನವಾಗಿ ನಿಲ್ಲಿಸಿ ಹೋದ ಹಾಗೆ.

“ಪ್ರಾಣ ಹೋಗಿ ಅರ್ಧ ಗಂಟೆಯಾಗಿದೆ,” ಎಂದು ಡಾಕ್ಟರ್ ಗಂಗಲಕ್ಷ್ಮಮ್ಮ ಎದ್ದು ನಿಂತರು. ಹತ್ತಿರದಲ್ಲಿ ಡಾಕ್ಟರೆಂದರೆ ಅವರೇ. ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಒಂದು ಕೋಣೆಯ ದವಾಖಾನೆ ಇಟ್ಟುಕೊಂಡಿದ್ದರು. ಮಾತು ಕಡಿಮೆ.

ರೇವಣಸಿದ್ದಪ್ಪ ಕಾನ್‌ಸ್ಟೇಬಲ್ ಕೈಲಿ ಮಹಜರು ಬರೆಸುತ್ತಿದ್ದ. “ಬರ್ಕೋ. ಹೊರಗೆ ಚಾಚಿದ ಸರಳುಗಳಿಗೆ ಕೆಂಪು ಬಟ್ಟೆ ಕಟ್ಟಿರಲಿಲ್ಲ.”

“ಏನೋ ಕಟ್ಟಿದೆಯಲ್ಲ?” ಎಂದರು ಡಾಕ್ಟರಮ್ಮ.

ಎಲ್ಲಕ್ಕಿಂತ ಉದ್ದವಾದ ಸರಳಿನ ತುದಿಯಲ್ಲಿ ಗೇಣುದ್ದದ ಕಡುಹಸಿರು ಬಟ್ಟೆಯೊಂದು ಮಂಜಿಗೆ ನೆಂದು ಜೋತುಬಿದ್ದಿತ್ತು.

“ಅದ್ಯಾವುದೋ ಚಿಂದಿ, ಡಾಕ್ಟರಮ್ಮ. ಕೆಂಪಲ್ಲ.”

“ಹೌದು. ಕೆಂಪಲ್ಲ.” ಅಷ್ಟು ಹೇಳಿ ಅವರು ಸರಳುಗಳನ್ನು ಒಂದು ಸುತ್ತು ನೋಡಿದರು. “ಕಂತೆಯನ್ನ ತಂತಿಯಲ್ಲಿ ಬಿಗಿದಿದ್ದಾರೆ. ಬಟ್ಟೆಗೆ ಇಲ್ಲಿ ಏನು ಕೆಲಸ?”

ರೇವಣಸಿದ್ದಪ್ಪ ಬಟ್ಟೆ ಬಿಚ್ಚಿಸಿ ಚೀಲಕ್ಕೆ ಹಾಕಿಸಿದ.

ಎದುರಿಗೇ ಟೀ ಹೋಟೆಲು. ರೇವಣಸಿದ್ದಪ್ಪ ಹೋಟೆಲಿನವನನ್ನು ಕರೆಸಿದ.

“ಯಾರು ಓಡಿಸ್ಕೊಂಡು ಬಂದೋನು?”

“ಗೊತ್ತಿಲ್ಲ ಸ್ವಾಮಿ. ಕಂಬಳಿ ಹೊದ್ದಿದ್ದ. ಮುಖಕ್ಕೆಲ್ಲ ಮಫ್ಲರ್ ಸುತ್ಕೊಂಡಿದ್ದ. ಒಂದು ಟೀ ಅಂದ. ಅಷ್ಟರಲ್ಲಿ ಹೊರಗೆ ದಢಾರ್ ಅಂತು. ಹೋಗಿ ನೋಡ್ದ, ಹಂಗೇ ಹೊಲಕ್ಕಿಳಿದು ಹೊರಟೇ ಹೋದ.”

“ಗಿಡ್ಡನೋ, ಉದ್ದನೋ?”

“ಆ ಮಂಜಲ್ಲಿ ನನ್ ಕೈ ನಂಗೇ ಕಾಣ್ತಿರ್ಲಿಲ್ಲ ಸ್ವಾಮಿ.”

ಲಾರಿ ಬ್ಯಾಡರಹಳ್ಳಿಯ ಜಂಬಣ್ಣನದು. ಅವನಿಗಿದ್ದದ್ದು ಎರಡು ಲಾರಿ, ಇಬ್ಬರು ಡ್ರೈವರು. ಒಬ್ಬ ಅಂಜಿನಯ್ಯ. ಇನ್ನೊಬ್ಬ ಜಂಬಣ್ಣನ ಹೆಂಡತಿಯ ತಮ್ಮ ಉಗ್ರಪ್ಪ. ಜಂಬಣ್ಣನಿಗೆ ಸ್ಟೀರಿಂಗ್ ಹಿಡಿಯಲು ಬರುವುದಿಲ್ಲವೆಂಬುದು ಆ ರಸ್ತೆಗೆಲ್ಲ ಗೊತ್ತು.

“ನಾನೂ ಬರ್ತೀನಿ,” ಎಂದರು ಡಾಕ್ಟರಮ್ಮ. “ಅಂಜಿನಯ್ಯನ ಮೆಡಿಕಲ್ ಸರ್ಟಿಫಿಕೇಟಿಗೆ ಸಹಿ ಹಾಕಿರೋಳು ನಾನು.”

ದವಾಖಾನೆಯ ಹತ್ತಿರ ಜೀಪು ನಿಲ್ಲಿಸಿ ಒಂದು ತಗಡಿನ ಡಬ್ಬಿ ತಂದರು. ಅದೇನೆಂದು ರೇವಣಸಿದ್ದಪ್ಪ ಕೇಳಲಿಲ್ಲ. ಔಷಧಿ ಇರಬೇಕು ಅಂದುಕೊಂಡ.

ಶೆಡ್ಡು ತಲಪುವಾಗ ಒಂಬತ್ತೂವರೆ. ಬಿಸಿಲು ಬಂದಿತ್ತು. ಜಂಬಣ್ಣ ಬಾಗಿಲಲ್ಲೇ ಕಾಯುತ್ತಿದ್ದ.

“ಇವನೇ ಸಾರ್, ಅಂಜಿನಯ್ಯ! ಐದೂವರೆಗೆ ಗಾಡಿ ತಗೊಂಡು ಹೋದ. ಈಗ ಏನೂ ಅರೀದೋನ ಥರ ಬಂದು ಕೂತಿದ್ದಾನೆ.”

ನೆಲದ ಮೇಲೆ ಕುಳಿತಿದ್ದ ಅಂಜಿನಯ್ಯ ಎದ್ದು ಕೈಮುಗಿದ. ಎಡಗೈಯಲ್ಲಿ ಮೂರೇ ಬೆರಳು. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಎರಡು ಹೋಗಿದ್ದವು.

“ಸುಳ್ಳು ಸ್ವಾಮಿ. ನನ್ನ ಹೊತ್ತು ಏಳಕ್ಕೆ. ಏಳಕ್ಕೆ ಬಂದೆ. ಬಂದಾಗ ಗಾಡಿನೇ ಇರ್ಲಿಲ್ಲ.”

“ಅದಕ್ಕೆ ಮುಂಚೆ ಎಲ್ಲಿದ್ದೆ?”

“ಮನೇಲಿ.”

“ಯಾರು ನೋಡಿದ್ರು?”

“ನನ್ನ ಹೆಂಡ್ತಿ ಲಿಂಗಮ್ಮ.”

ಜಂಬಣ್ಣ ನಕ್ಕ. “ಹೆಂಡ್ತಿ ಸಾಕ್ಷಿ! ಇನ್ಯಾರ್ನ ಹೇಳ್ತಾನೆ? ನೀವೇ ನೋಡಿ ಸಾರ್, ಕೈಲಿ ಮೂರು ಬೆರಳು. ಒಂದು ಬಟ್ಟೆ ಕಟ್ಟೋಕಾಗುತ್ತಾ ಇವನ ಕೈಲಿ? ಇಂಥವನಿಗೆ ಗಾಡಿ ಓಡಿಸೋ ಯೋಗ್ಯತೆ ಇದೆ ಅಂತ ಬರ್ಕೊಟ್ಟೋರನ್ನ ಕೇಳ್ಬೇಕು ಮೊದಲು.”

ಡಾಕ್ಟರಮ್ಮ ಶಾಂತವಾಗಿ ಕೇಳಿದರು: “ಕೇಳಿ, ಹೇಳ್ತೀನಿ. ಆದರೆ ಆರು ವರ್ಷದಿಂದ ನೀವು ಯಾಕೆ ಇಟ್ಕೊಂಡಿದ್ರಿ?”

“ಕರುಣೆ ಕಣ್ರೀ, ಕರುಣೆ!”

“ಕರುಣೆಯಿಂದ ಮೂರು ಟನ್ ಕಬ್ಬಿಣ ಹೊರಿಸ್ತಿದ್ರಾ?”

ಜಂಬಣ್ಣ ಶಲ್ಯ ಸರಿಮಾಡಿಕೊಂಡ.

ಉಗ್ರಪ್ಪ ಇನ್ನೊಂದು ಲಾರಿಗೆ ಬೆನ್ನುಕೊಟ್ಟು ನಿಂತಿದ್ದ. ಕಟ್ಟುಮಸ್ತಾದ ಆಳು. ಕೇಳುವ ಮೊದಲೇ ಹೇಳಿದ: “ನಾನು ನೆನ್ನೆ ಸಂಜೆನೇ ಮಾಗಡಿಗೆ ಹೋದೆ ಸಾರ್. ಈಗ ತಾನೇ ಬಸ್ಸಿಂದ ಇಳಿದೆ.”

“ಟಿಕೆಟ್ ಎಲ್ಲಿ?”

“ಬಿಸಾಕ್ದೆ. ಟಿಕೆಟ್ಟೇನು ಪೂಜೆಗಿಟ್ಕೊಳ್ತಾರಾ?”

ರೇವಣಸಿದ್ದಪ್ಪನಿಗೆ ತಲೆ ಚಿಟ್ಟು ಹಿಡಿಯಿತು. ಸಾಕ್ಷಿ ಯಾವ ಕಡೆಗೂ ಇಲ್ಲ. ಇರುವುದು ಮಾಲೀಕನ ಮಾತು, ಮೂರು ಬೆರಳಿನ ಕೈ. ಕೋರ್ಟಿಗೆ ಅಷ್ಟು ಸಾಕು. ಅಜಾಗರೂಕತೆಯಿಂದ ಸಾವೆಂದರೆ ಎರಡು ವರ್ಷದವರೆಗೆ ಜೈಲು. ಲೈಸೆನ್ಸ್ ಹೋಗುತ್ತದೆ. ಆಮೇಲೆ ಆ ಕೈಗೆ ಯಾರು ಕೆಲಸ ಕೊಡುತ್ತಾರೆ?

“ಕೆಂಪು ಬಟ್ಟೆ ಕಟ್ಟೋದು ಯಾರ ಕೆಲಸ?” ಎಂದು ಡಾಕ್ಟರಮ್ಮ ಕೇಳಿದರು.

“ಗಾಡಿ ಹೊರಡಿಸೋನೇ ಕಟ್ಬೇಕಮ್ಮ,” ಎಂದ ಅಂಜಿನಯ್ಯ. “ಕೂಲಿಯೋರು ಹಿಂದಿನ ದಿನಾನೇ ಲೋಡ್ ಮಾಡಿ ತಂತಿ ಬಿಗಿದು ಹೋಗ್ತಾರೆ. ಬಟ್ಟೆ ಮಾತ್ರ ಡ್ರೈವರ್ ಕೈಯಿಂದ್ಲೇ. ಇನ್ನೊಬ್ಬ ಹಾಕಿದ ಗಂಟು ನಂಬಿ ಯಾರೂ ಗಾಡಿ ಎತ್ತಲ್ಲ.”

“ಬಟ್ಟೆ ಎಲ್ಲಿರುತ್ತೆ?”

“ಅಲ್ಲೇ ಇದೆ ನೋಡಿ!” ಜಂಬಣ್ಣ ಕಂಬದ ಕಡೆ ಕೈತೋರಿಸಿದ. ಮೊಳೆಗೆ ಕೆಂಪು ಬಟ್ಟೆ ನೇತಾಡುತ್ತಿತ್ತು, ಅದರ ಮೇಲೆ ಇನ್ನೂ ಆರಿಸದ ಲಾಟೀನು. “ಮುಟ್ಟೇ ಇಲ್ಲ ಬೇವಾರ್ಸಿ.”

ಡಾಕ್ಟರಮ್ಮ ಮೊಳೆಯ ಹತ್ತಿರ ಹೋದರು. “ಈ ಮೊಳೆಗೆ ಇದೊಂದೇ ಬಟ್ಟೆ ಹಾಕ್ತಿದ್ರಾ?”

ಅಂಜಿನಯ್ಯ ಮೊಳೆ ನೋಡಿ ಹೇಳಿದ: “ಇಲ್ಲ, ಎರಡು. ಇನ್ನೊಂದು ಮುಂದಿನ ಗಾಜು ಒರೆಸೋಕೆ. ಹೆಂಡ್ತಿ ಹಳೇ ಸೀರೆ ಹರಿದು ತಂದಿದ್ದೆ. ರಾತ್ರಿ ಇತ್ತು, ಈಗ ಕಾಣ್ತಿಲ್ಲ.”

“ಯಾವ ಬಣ್ಣ?”

“ಹಸಿರು.”

ರೇವಣಸಿದ್ದಪ್ಪ ಚೀಲದಿಂದ ಒದ್ದೆ ಬಟ್ಟೆ ತೆಗೆದ. ಊರೊಳಗಿನಿಂದ ಲಿಂಗಮ್ಮನನ್ನು ಕರೆಸಿದ. ಅವಳು ಬಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

“ನಂದೇ ಸೀರೆ ಸ್ವಾಮಿ. ಇಲ್ಲಿ ನಾನೇ ಹಾಕಿದ ತೇಪೆ ಇದೆ. ಯಾಕೆ, ಎಲ್ಲಿ ಸಿಕ್ತು?”

ಅವಳು ಗಂಡನ ಮುಖ ನೋಡಿದಳು. ತಾನೇನೋ ತಪ್ಪು ಹೇಳಿದೆನೆಂದು ಅವಳಿಗೆ ಹೊಳೆದಿರಬೇಕು, ಬಟ್ಟೆ ಕೈಯಿಂದ ಜಾರಿತು.

“ಮುಗೀತಲ್ಲ ಸಾರ್!” ಜಂಬಣ್ಣ ಚಪ್ಪಾಳೆ ತಟ್ಟಿದ. “ಅವನ ಹೆಂಡ್ತಿ ಸೀರೆ, ಅವನ ಗಾಡಿ. ಇನ್ನೇನು ಬೇಕು ನಿಮಗೆ?”

ಮುಗಿದಿತ್ತು. ರೇವಣಸಿದ್ದಪ್ಪ ಕಾನ್‌ಸ್ಟೇಬಲ್ ಕಡೆ ತಿರುಗಿದ.

“ಒಂದು ನಿಮಿಷ,” ಎಂದರು ಡಾಕ್ಟರಮ್ಮ. “ಈ ಕೈ ಯೋಗ್ಯವೋ ಅಲ್ಲವೋ ಅಂತ ಇವರು ಕೇಳಿದ್ದಾರೆ. ಪರೀಕ್ಷೆ ಮಾಡಿ ಉತ್ತರ ಕೊಡ್ತೀನಿ. ಇಬ್ಬರು ಡ್ರೈವರುಗಳನ್ನೂ ನೋಡೋಣ.”

“ನಂಗೆ ಸರ್ಟಿಫಿಕೇಟ್ ಇದೆ,” ಎಂದ ಉಗ್ರಪ್ಪ.

“ಯಾವ ಡಾಕ್ಟರು ನೋಡಿದ್ರು?”

ಉಗ್ರಪ್ಪ ಭಾವನ ಮುಖ ನೋಡಿದ. ಜಂಬಣ್ಣ ಹೇಳಿದ: “ಪರಿಚಯದವರು. ನಾನೇ ಹೋಗಿ ತಂದೆ.”

“ನಿಮ್ಮನ್ನ ನೋಡಿ ಇವರ ಕಣ್ಣಿಗೆ ಸರ್ಟಿಫಿಕೇಟ್ ಕೊಟ್ರಾ?”

ಕಾನ್‌ಸ್ಟೇಬಲ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡ.

ಪರೀಕ್ಷೆ ಶುರುವಾಯಿತು. ಇಪ್ಪತ್ತೈದು ಗಜ ದೂರದಿಂದ ಲಾರಿಯ ನಂಬರು ಓದಬೇಕು. ಇಬ್ಬರೂ ಓದಿದರು. ಉಗ್ರಪ್ಪ ಮೂಲೆಯಲ್ಲಿ ಸುಲಿದಿದ್ದ ಬಣ್ಣವನ್ನೂ ಎತ್ತಿ ಹೇಳಿದ. ಬೆನ್ನ ಹಿಂದೆ ಹಾರ್ನ್ ಮೆಲ್ಲಗೆ ಒತ್ತಿಸಿದರು. ಇಬ್ಬರಿಗೂ ಕೇಳಿಸಿತು. ಆಮೇಲೆ ಕೈ ಹಿಡಿತ. ಅಂಜಿನಯ್ಯನ ಮೂರು ಬೆರಳು ಬಿಗಿಯಾದಾಗ ರೇವಣಸಿದ್ದಪ್ಪ “ಬಿಡೋ ಮಾರಾಯ!” ಎಂದು ಕೈ ಜಾಡಿಸಿಕೊಂಡ.

ಕೊನೆಗೆ ತಗಡಿನ ಡಬ್ಬಿ ತೆರೆಯಿತು. ಒಳಗೆ ಔಷಧಿ ಇರಲಿಲ್ಲ. ಉಣ್ಣೆ ನೂಲಿನ ಪುಟ್ಟ ಪುಟ್ಟ ಲಡಿಗಳು, ನಾಲ್ಕು ಡಜನ್ ಇರಬಹುದು, ಎಲ್ಲ ಬಣ್ಣದವು. ಬಿಸಿಲಿನಲ್ಲಿ ಚಾಪೆಯ ಮೇಲೆ ಹರಡಿ, ಒಂದು ಕೆಂಪು ಲಡಿಯನ್ನು ಎತ್ತಿ ಹಿಡಿದರು.

“ಈ ಬಣ್ಣದವನ್ನೆಲ್ಲ ಆರಿಸಿ ಕೊಡಿ. ತಿಳಿಯಾಗಿರಲಿ, ಗಾಢವಾಗಿರಲಿ.”

ಅಂಜಿನಯ್ಯ ಐದು ಲಡಿ ಆರಿಸಿದ. ಐದೂ ಕೆಂಪು.

ಲಡಿಗಳನ್ನು ಮತ್ತೆ ಕಲೆಸಿದರು. ಉಗ್ರಪ್ಪ ಮಂಡಿಯೂರಿ ಕುಳಿತು, “ಶಿಶುವಿಹಾರದ ಮಕ್ಕಳಾಟ,” ಎಂದು ಮುಗುಳ್ನಕ್ಕ. ಪಟಪಟನೆ ಆರಿಸಿದ. ಒಂದು ಕೆಂಪು. ಒಂದು ಕಂದು. ಒಂದು ಕಡುಹಸಿರು. ಇನ್ನೊಂದು ಕಡುಹಸಿರು. “ತಗೊಳ್ಳಿ. ಆಯ್ತು.”

ಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಏನಮ್ಮ, ಯಾಕೆ ಹಂಗೆ ನೋಡ್ತೀಯ?” ಎಂದ ಉಗ್ರಪ್ಪ.

ಡಾಕ್ಟರಮ್ಮ ರೇವಣಸಿದ್ದಪ್ಪನ ಕಡೆ ತಿರುಗಿದರು.

“ಕೆಂಪು ಬಟ್ಟೆ ಇಲ್ಲ ಅನ್ನೋದನ್ನ ನಾವೆಲ್ಲ ನೋಡಿದ್ವಿ. ಹಸಿರು ಬಟ್ಟೆ ಯಾಕಿದೆ ಅಂತ ನೋಡ್ಲಿಲ್ಲ. ಕಂತೆಗೆ ತಂತಿ ಇತ್ತು. ಆದರೂ ಯಾರೋ ಅತಿ ಉದ್ದದ ಸರಳು ಹುಡುಕಿ, ಅದರ ತುದಿಗೇ ಬಟ್ಟೆ ಕಟ್ಟಿದ್ದಾರೆ. ಅದು ಚಿಂದಿಯಲ್ಲ. ಎಚ್ಚರಿಕೆಯ ಬಟ್ಟೆ ಅಂತಲೇ ಕಟ್ಟಿದ್ದು.”

“ಆದರೆ ಬಟ್ಟೆ ಅಂಜಿನಯ್ಯನದು—”

“ಅದಕ್ಕೇ ಅವನು ಕಟ್ಟಿದ್ದಲ್ಲ. ಒಂದೇ ಮೊಳೆಗೆ ಎರಡು ಬಟ್ಟೆ. ಯಾವುದು ತನ್ನ ಹೆಂಡತಿಯ ಸೀರೆ, ಯಾವುದು ಕೆಂಪು ಅಂತ ಅವನಿಗೆ ಗೊತ್ತಿಲ್ವಾ? ಲಾಟೀನಿನ ಬೆಳಕಲ್ಲಿ, ಪಕ್ಕದಲ್ಲೇ ಕೆಂಪು ಬಿಟ್ಟು ಹಸಿರು ಕಟ್ಟಬೇಕಾದ್ರೆ, ಕಟ್ಟಿದವನಿಗೆ ಎರಡೂ ಒಂದೇ ಥರ ಕಂಡಿರಬೇಕು. ಕೆಲವರಿಗೆ ಹುಟ್ಟಿನಿಂದಲೇ ಹಾಗೆ ಕಾಣುತ್ತೆ. ದೂರದ ನಂಬರು ಓದ್ತಾರೆ, ಆದರೆ ಕೆಂಪು ಹಸಿರು ಬೇರೆಯಾಗಲ್ಲ. ಮಾಗಡಿ ರಸ್ತೆಯಲ್ಲಿ ಬಣ್ಣದ ದೀಪಗಳಿಲ್ಲ, ಪೊಲೀಸಿನವರು ಕೈ ಎತ್ತಿದ್ರೆ ನಿಂತ್ರಾಯ್ತು. ಹಾಗಾಗಿ ಇಷ್ಟು ವರ್ಷ ಯಾರಿಗೂ ತಿಳೀಲಿಲ್ಲ. ಅವರಿಗೂ ತಿಳೀಲಿಲ್ಲ.” ಜಂಬಣ್ಣನ ಕಡೆ ನೋಡಿ ಹೇಳಿದರು: “ಸರ್ಟಿಫಿಕೇಟಿನಲ್ಲಿ ಒಂದು ಪ್ರಶ್ನೆ ಇದೆ. ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆಯೇ? ಉಗ್ರಪ್ಪನವರನ್ನ ನೋಡದೆಯೇ ಒಬ್ಬ ಡಾಕ್ಟರು ಅದಕ್ಕೆ ‘ಹೌದು’ ಅಂತ ಬರೆದಿದ್ದಾರೆ. ಬೆಳಿಗ್ಗೆ ಆ ಗಾಡಿ ಹೊರಡಿಸಿದವರು ಉಗ್ರಪ್ಪ.”

“ಬಾಯಿಗೆ ಬಂದಂಗೆ ಮಾತಾಡ್ಬೇಡಿ!” ಜಂಬಣ್ಣ ಕೂಗಿದ. “ಅವನು ಮಾಗಡೀಲಿದ್ದ!”

“ಇರಬಹುದು,” ಎಂದ ರೇವಣಸಿದ್ದಪ್ಪ. ಅವನಿಗೀಗ ದಾರಿ ಕಂಡಿತ್ತು. ಉಗ್ರಪ್ಪನ ಹತ್ತಿರ ಬಂದು ನಿಂತ. “ಯಾರೇ ಆಗ್ಲಿ, ಅವನಿಗೆ ಮನುಷ್ಯತ್ವ ಇಲ್ಲ. ಒಂದು ತುಂಡು ಕೆಂಪು ಬಟ್ಟೆ ಕಟ್ಟೋಕೆ ಸೋಮಾರಿತನ ಮಾಡಿ ಒಬ್ಬನ ಪ್ರಾಣ ತೆಗೆದ. ಕೋರ್ಟಿಗೆ ಹಂಗೇ ಬರೀತೀನಿ.”

“ಸೋಮಾರಿತನ ಮಾಡ್ಲಿಲ್ಲ ಸಾರ್!” ಉಗ್ರಪ್ಪನ ದನಿ ಒಡೆಯಿತು. “ಈ ಕೈಯಾರೆ ಕಟ್ಟಿದ್ದೆ. ಎರಡು ಗಂಟು ಹಾಕ್ದೆ. ಎಳೆದು ನೋಡ್ದೆ. ಕೆಂಪು ಬಟ್ಟೆನೇ—”

ಜಂಬಣ್ಣ ಕಣ್ಣು ಮುಚ್ಚಿಕೊಂಡ.

ಉಗ್ರಪ್ಪ ನೆಲದ ಮೇಲೆ ಬಿದ್ದಿದ್ದ ಬಟ್ಟೆ ನೋಡಿದ. ಮೊಳೆಯ ಮೇಲಿನದನ್ನು ನೋಡಿದ. ಮತ್ತೆ ನೆಲದ್ದನ್ನು ನೋಡಿದ.

“ಇದು ಕೆಂಪಲ್ವಾ?” ಎಂದು ಕೇಳಿದ.

ಮಿಕ್ಕದ್ದನ್ನೆಲ್ಲ ಅವನೇ ಹೇಳಿದ. ರಾಜಾಜಿನಗರದಲ್ಲಿ ಮನೆ ಕಟ್ಟಿಸುತ್ತಿದ್ದವರಿಗೆ ಏಳರೊಳಗೆ ಸರಳು ಬೇಕಿತ್ತು, ಭಾವ ಐದಕ್ಕೇ ಎಬ್ಬಿಸಿದ. ಟೀಗೆಂದು ನಿಂತ. ಗಾಬರಿಯಲ್ಲಿ ಓಡಿದ. ಅಂಜಿನಯ್ಯನ ಹೆಸರು ಹೇಳೋಣವೆಂದದ್ದು ಭಾವ. ಮೂರು ಬೆರಳಿನವನ ಮಾತು ಯಾರೂ ನಂಬುವುದಿಲ್ಲವೆಂದಿದ್ದನಂತೆ.

ಕಾನ್‌ಸ್ಟೇಬಲ್ ಇಬ್ಬರನ್ನೂ ಜೀಪಿಗೆ ಹತ್ತಿಸಿದ. ರೇವಣಸಿದ್ದಪ್ಪ ಮಹಜರಿನ ಕಾಗದ ತೆಗೆದು ತಾನು ಬರೆಸಿದ್ದ ಸಾಲನ್ನು ಮತ್ತೆ ಓದಿದ. ಅದರ ಕೆಳಗೆ ಸೇರಿಸಿದ: ಅತಿ ಉದ್ದದ ಸರಳಿನ ತುದಿಗೆ ಹಸಿರು ಬಟ್ಟೆ ಕಟ್ಟಿತ್ತು. ಡಾಕ್ಟರಮ್ಮ ಲಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು.

“ರಸ್ತೇಲಿರೋ ಲಾರಿ ಸ್ಟೇಷನ್‌ಗೆ ಹೋಗ್ಬೇಕು,” ಎಂದ ರೇವಣಸಿದ್ದಪ್ಪ. “ಯಾರು ಓಡಿಸ್ತಾರೆ?”

ಅಂಜಿನಯ್ಯ ಮೊಳೆಯಿಂದ ಕೆಂಪು ಬಟ್ಟೆ ತೆಗೆದುಕೊಂಡ.

ಕಾಮಾಕ್ಷಿಪಾಳ್ಯದಲ್ಲಿ ಲಾರಿಯ ಹಿಂದೆ ನಿಂತು, ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಸರಳಿಗೆ ಸುತ್ತಿ, ಮೂರು ಬೆರಳಿನಲ್ಲಿ ಹಿಡಿದು ಗಂಟು ಬಿಗಿದ. ರೇವಣಸಿದ್ದಪ್ಪ ಅದನ್ನು ಎಳೆದು ನೋಡಿದ. ಅಲ್ಲಾಡಲಿಲ್ಲ.

“ಹೊರಡಿಸು,” ಎಂದ.