ಕೊಡದ ಎಂಜಲು

“ಅತ್ತೆ, ನನ್ನ ಕೈ ನೋಡಿ. ನಡುಗ್ತಿದೆಯಾ?”

ಬಾಗಿಲು ತೆರೆದ ಕೂಡಲೇ ಬಸ್ ಓಡಿಸುವ ಡ್ರೈವರಕ್ಕ ಎರಡೂ ಕೈ ಚಾಚಿದಳು. ಕಲ್ಲಿನಂತೆ ನಿಂತಿದ್ದವು. ಓಣಿಯ ಕಗ್ಗಂಟುಗಳನ್ನೆಲ್ಲ ಬಿಡಿಸುತ್ತಿದ್ದ ನನ್ನ ಸೋದರತ್ತೆಗೆ ‘ಪತ್ತೆ ಅತ್ತೆ’ ಎಂದೇ ಹೆಸರು. ಅವರ ಬಾಲ ನಾನು.

“ಇಲ್ವಲ್ಲೇ,” ಎಂದರು ಅತ್ತೆ.

“ಮುಂದೆ ನಡುಗುತ್ತಂತೆ! ನಮ್ಮ ವಂಶದಲ್ಲಿ ನರದ ಕಾಯಿಲೆ ಇದೆಯಂತೆ. ಮ್ಯಾನೇಜರ್ ನನ್ನನ್ನ ಬಸ್ಸಿಂದ ಇಳಿಸಿಬಿಟ್ಟ. ಯಾರು ಹೇಳಿದ್ದು ಅಂದ್ರೆ, ನಿನ್ನ ಗಂಡನನ್ನೇ ಕೇಳು ಅಂತಾನೆ.”

“ಮನೇಲಿ ಯಾರಿಗಾದ್ರೂ ಬಂದಿತ್ತಾ?”

“ಅಪ್ಪ ಅಮ್ಮ ಅಪಘಾತದಲ್ಲಿ ಹೋದಾಗ ನಾನೂ ತಮ್ಮನೂ ಇನ್ನೂ ಚಿಕ್ಕವರು. ನಮಗೇನೂ ಗೊತ್ತಿಲ್ಲ. ಬಸ್ ಕಂಪನಿಯವರು ಡ್ರೈವರ್‌ಗಳಿಗೆಲ್ಲ ಎಂಜಲು ತುಂಬಿಸಿ ಕೊಡೋ ಡಿಎನ್‌ಎ ಪರೀಕ್ಷೆ ಡಬ್ಬಿ ಹಂಚಿದ್ರು. ಬೇರೆಯವರೆಲ್ಲ ಎಂಜಲು ಕೊಟ್ರು, ನಾನು ಮಾತ್ರ ಬೇಡ ಅಂತ ಡಬ್ಬಿ ವಾಪಸ್ ಕೊಟ್ಟೆ.”

ಅವಳ ತಮ್ಮನ ಕ್ಷೌರದಂಗಡಿಗೆ ಹೋದೆವು. “ಭಾವನೇ ಹೇಳಿರ್ಬೇಕು. ಅಕ್ಕ ಬಸ್ ಓಡಿಸೋದು ಅವರಿಗೆ ಮೊದಲಿಂದಲೂ ಆಗಲ್ಲ,” ಎಂದ ಅವನು. ಕನ್ನಡಿಯ ಕೆಳಗಿದ್ದ ಬಣ್ಣಬಣ್ಣದ ಖಾಲಿ ಡಬ್ಬಿಯೊಂದನ್ನು ಅತ್ತೆ ಎತ್ತಿ ನೋಡಿದರು.

“ಅದಾ? ನಮ್ಮ ಪೂರ್ವಜರು ಎಲ್ಲಿಯವರು ಅಂತ ಹೇಳುತ್ತಂತೆ. ಗಿರಾಕಿಯೊಬ್ಬರು ಕೊಟ್ಟು, ನನ್ನ ಎಂಜಲನ್ನ ಅವರೇ ಲ್ಯಾಬಿಗೆ ಕಳಿಸಿದ್ರು. ಫಲಿತಾಂಶ ಇನ್ನೂ ಬಂದೇ ಇಲ್ಲ.”

ಅತ್ತೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು. ಅವನ ಮುಖ ಬಿಳಿಚಿತು. ಕೈಲಿದ್ದ ಕತ್ತರಿ ಕೆಳಗಿಟ್ಟು, “ಎಲ್ಲರ ಮುಂದೆಯೇ ಹೇಳಿ ಅತ್ತೆ,” ಎಂದ.

ಮರುದಿನ ಡಿಪೋದಲ್ಲಿ ಮಾಲೀಕರು, ಮ್ಯಾನೇಜರ್, ಡ್ರೈವರಕ್ಕನ ಗಂಡ, ತಮ್ಮ ಎಲ್ಲರೂ ಸೇರಿದರು. ಹೊರಡಲು ಇಂಜಿನ್ ಹಾಕಿಟ್ಟಿದ್ದ ಬಸ್ಸುಗಳ ಪಕ್ಕ ಡ್ರೈವರ್‌ಗಳು ಕಿವಿಗೊಟ್ಟು ನಿಂತರು.

“ಮನೆಯವರಿಗೇ ಗೊತ್ತಿಲ್ಲದ ಕಾಯಿಲೆಯನ್ನ ಗಂಡ ಹೇಗೆ ಹೇಳ್ತಾನೆ? ಹೇಳೋಕೆ ಸಾಧ್ಯ ಇದ್ದದ್ದು ಪರೀಕ್ಷೆಗೆ ಮಾತ್ರ,” ಎಂದರು ಅತ್ತೆ. “ಅಕ್ಕ ಎಂಜಲು ಕೊಡಲಿಲ್ಲ, ತಮ್ಮ ಕೊಟ್ಟ. ತಮ್ಮನಲ್ಲಿ ಸಿಕ್ಕಿದ್ದು ಅಕ್ಕನಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅವನಿಗೆ ಫಲಿತಾಂಶ ಯಾಕೆ ಬರಲಿಲ್ಲ? ಡಬ್ಬಿ ಕೊಟ್ಟವರು ಲ್ಯಾಬಿಗೆ ಇವನ ನಂಬರ್ ಬದಲು ಸ್ವಂತ ಫೋನ್ ನಂಬರ್ ಕೊಟ್ಟಿರ್ಬೇಕು. ಯಾರಪ್ಪ ಆ ಗಿರಾಕಿ?”

ತಮ್ಮ ಮ್ಯಾನೇಜರನತ್ತ ಬೆರಳು ತೋರಿಸಿದ. “ನನ್ನ ಮೈಯೊಳಗಿನ ವಿಷಯ ನನಗಿಂತ ಮೊದಲು ನಿಮಗೆ ಗೊತ್ತಾಯ್ತಲ್ಲ ಸಾರ್! ಕುತ್ತಿಗೆಗೆ ಕತ್ತಿ ಹಿಡಿದಾಗಲೂ ನಾನು ನಿಮ್ಮನ್ನ ಜೋಪಾನವಾಗಿ ನೋಡ್ಕೊಂಡೆ.”

“ಕಂಪನಿ ಒಳ್ಳೇದಕ್ಕೇ ಮಾಡಿದ್ದು,” ಎಂದು ಮ್ಯಾನೇಜರ್ ತೊದಲಿದ.

ಮಾಲೀಕರು ಡ್ರೈವರಕ್ಕನತ್ತ ತಿರುಗಿದರು. “ಆಯ್ತಮ್ಮ, ನೀನೂ ಒಂದ್ಸಲ ಪರೀಕ್ಷೆ ಮಾಡಿಸಿಬಿಡು. ಏನೂ ಇಲ್ಲ ಅಂತ ಬಂದ್ರೆ ಬಸ್ ನಿನ್ನದೇ.”

“ಮಾಡಿಸಲ್ಲ,” ಎಂದಳು ಡ್ರೈವರಕ್ಕ. “ತಿಳ್ಕೋಬೇಕು ಅಂತ ನನಗೆ ಅನ್ನಿಸಿದ ದಿನ ನಾನು ತಿಳ್ಕೋತೀನಿ. ನಿಮಗೆ ಬೇಕಿರೋದು ನನ್ನ ಡ್ರೈವಿಂಗ್. ಪಕ್ಕದಲ್ಲಿ ಕೂತು ಅದನ್ನ ಪರೀಕ್ಷೆ ಮಾಡಿ. ಕೀ ಕೊಡಿ.”

ಡ್ರೈವರ್‌ಗಳು ಒಬ್ಬೊಬ್ಬರಾಗಿ ಬಸ್ಸಿನ ಇಂಜಿನ್ ಆರಿಸಿ ಬಂದು ಅವಳ ಪಕ್ಕ ನಿಂತರು. ಆಮೇಲೆ ಒಬ್ಬನೂ ಕದಲಲಿಲ್ಲ. ಮಾಲೀಕರು ಕೀ ಕೊಟ್ಟರು.

ಅವಳು ಬಸ್ ಹತ್ತಿ ಕಿಟಕಿಯಿಂದ ಕೂಗಿದಳು: “ಅಣ್ಣಂದಿರಾ, ನಿಮ್ಮಿಂದ ಇಸ್ಕೊಂಡ ಎಂಜಲನ್ನೂ ವಾಪಸ್ ಕೇಳಿ!”

ಬಸ್ ಗೇಟು ದಾಟುವಷ್ಟರಲ್ಲಿ ಡ್ರೈವರ್‌ಗಳೆಲ್ಲ ಮ್ಯಾನೇಜರನನ್ನು ಸುತ್ತುವರಿದಿದ್ದರು.