ಇನ್ನೊಬ್ಬಳ ಕೈಗಡಿಯಾರದ ಕಂತು

"ಸ್ವಲ್ಪ ಹುಷಾರು ಕಣ್ರೀ... ಅದು ತುಂಬಾ ದುಬಾರಿ ವಾಚು!"

ಪಾರ್ಲರಿನ ಕುರ್ಚಿಯಲ್ಲಿ ಕೂತ ಉದ್ದಕೂದಲಿನ ಹುಡುಗಿ ಕೈಗಡಿಯಾರ ಬಿಚ್ಚಿ ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟಳು. ಬಿಳಿ ದೀಪದ ಬೆಳಕಿಗೆ ಅದರ ಅಂಚಿನ ಹರಳುಗಳು ಫಳ್ಳನೆ ಹೊಳೆದವು.

ಕತ್ತರಿ ಹಿಡಿದು ಹಿಂದೆ ನಿಂತಿದ್ದವಳು ನಕ್ಕಳು. "ನೀರು ಸಿಡೀದ ಹಾಗೆ ಆ ಕಡೆ ಇಡ್ತೀನಿ ಬಿಡಿ. ಯಾರು ಕೊಡಿಸಿದ್ದು, ಯಜಮಾನ್ರಾ?"

"ಅಯ್ಯೋ, ನಂಗಿನ್ನೂ ಎಲ್ಲಿ ಮದುವೆ! ಹಳೆಯವನು ಕೊಡಿಸಿದ್ದು. ಅವನು ಹೋದ, ವಾಚು ಉಳೀತು. ಈಗ್ಲೂ ಸರಿಯಾದ ಟೈಮ್ ತೋರಿಸುತ್ತೆ, ಅವನ ಹಾಗಲ್ಲ."

ಇಬ್ಬರೂ ನಕ್ಕರು. ಕತ್ತರಿ ಕಿಚಕಿಚ ಎನ್ನತೊಡಗಿತು. ಗಿರಾಕಿಗಳ ಕಥೆ ಕೇಳುವುದು ಕೂದಲು ಕತ್ತರಿಸುವಷ್ಟೇ ಅಭ್ಯಾಸವಾಗಿತ್ತು ಅವಳಿಗೆ.

"ನಂಗೋಸ್ಕರ ನೀರಿನ ಹಾಗೆ ಖರ್ಚು ಮಾಡ್ತಿದ್ದ ರೀ! ಒಂದು ದಿನವೂ ಬೆಲೆ ಕೇಳಿದವನಲ್ಲ. ಕಾರ್ಡ್ ಉಜ್ಜಿದ್ದೇ ಉಜ್ಜಿದ್ದು. ಆದ್ರೆ ಒಂದು ವಿಚಿತ್ರ... ಕೆಲಸ ಲಿಫ್ಟ್ ರಿಪೇರಿ, ತಾನು ಮಾತ್ರ ಯಾವ ಕಟ್ಟಡದಲ್ಲೂ ಲಿಫ್ಟ್ ಹತ್ತಲ್ಲ. 'ಅದರ ಹೊಟ್ಟೇಲಿ ಏನೇನಿದೆ ಅಂತ ನೋಡಿದವನು ನಾನು' ಅಂತ ಮೆಟ್ಟಿಲೇ ಹತ್ತೋನು!"

ಕತ್ತರಿ ನಿಂತಿತು.

ಆ ಮಾತು... ಅದೇ ಮಾತು! ಹೋದ ಭಾನುವಾರವಷ್ಟೇ ಅಕ್ಕನ ಮನೆಗೆ ಹೋಗುವಾಗ ತನ್ನ ಗಂಡ ಅದನ್ನೇ ಹೇಳಿ, ತನ್ನ ಕೈ ಹಿಡಿದು ನಾಲ್ಕು ಮಹಡಿ ಹತ್ತಿಸಿದ್ದ.

ಲೋಕದಲ್ಲಿ ಲಿಫ್ಟ್ ಮೆಕ್ಯಾನಿಕ್ ಅಂದರೆ ತನ್ನ ಗಂಡನೊಬ್ಬನೇ ಏನು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಆ ಹುಡುಗಿ ಫೋನು ಎತ್ತಿ ತೋರಿಸಿಯೇಬಿಟ್ಟಳು.

"ನೋಡಿ, ಇವನೇ."

ಯಾವುದೋ ಹೋಟೆಲಿನ ಈಜುಕೊಳದ ಪಕ್ಕ, ಬಿಳಿ ಬೂಟು ಹಾಕಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ... ಅವಳ ಗಂಡ.

ಇಷ್ಟು ಜೋರಾಗಿ ಅವರು ನನ್ನ ಜೊತೆ ಯಾವತ್ತಾದರೂ ನಕ್ಕಿದ್ದಾರಾ?

"ಚೆನ್ನಾಗಿದ್ದಾರೆ" ಎಂದಳು.

"ಇದ್ದ, ಇದ್ದ. ಮದುವೆ ಮಾತು ಬರೋ ಹೊತ್ತಿಗೆ ಫೋನ್ ಎತ್ತೋದೇ ಬಿಟ್ಟ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ಕೂದಲು ಸಮನಾಗಿ ಕತ್ತರಿಸಿ, ಡ್ರೈಯರ್ ಹಿಡಿದು ಒಣಗಿಸಿ, ನಗುನಗುತ್ತಾ ಆಕೆಯನ್ನು ಕಳಿಸಿಕೊಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮದುವೆಗೆ ಮುಂಚೆಯೇ ಅವನು ಸಾಲದ ವಿಷಯ ಹೇಳಿದ್ದ. "ಎರಡು ಕ್ರೆಡಿಟ್ ಕಾರ್ಡ್ ಇದೆ. ಎರಡೂ ಕುತ್ತಿಗೆ ತನಕ ತುಂಬಿದೆ. ಬುದ್ಧಿ ಇಲ್ಲದ ಕಾಲದಲ್ಲಿ ಮಾಡಿದ್ದು. ಯೋಚನೆ ಮಾಡಿ ಹೂಂ ಅನ್ನು" ಎಂದಿದ್ದ. ಅಷ್ಟು ನೇರವಾಗಿ ಹೇಳಿದ ಗಂಡಸನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಯಾತಕ್ಕೆ ಸಾಲ ಎಂದು ಕೇಳಲೇ ಇಲ್ಲ. ಹೂಂ ಅಂದಿದ್ದಳು.

ಮದುವೆಯಾದ ಮೇಲೆ ಮನೆಯ ಲೆಕ್ಕವನ್ನು ಕೈಗೆ ತೆಗೆದುಕೊಂಡಳು. ತಿಂಗಳಿಗಿಷ್ಟು ಅಂತ ಕನಿಷ್ಠ ಹಣ ಕಟ್ಟುತ್ತಾ ಹೋದರೆ ತುಂಬುವುದು ಬಡ್ಡಿಯ ಹೊಟ್ಟೆ ಮಾತ್ರ ಎಂದು ಅವನನ್ನು ಬ್ಯಾಂಕಿಗೆ ಎಳೆದುಕೊಂಡು ಹೋಗಿ, ಬಾಕಿಯನ್ನೆಲ್ಲ ಕಡಿಮೆ ಬಡ್ಡಿಯ ಕಂತು ಮಾಡಿಸಿದಳು. ಒಂದು ಕಾರ್ಡನ್ನು ಪಾರ್ಲರಿನ ಕತ್ತರಿಯಿಂದಲೇ ಕಚಕ್ಕೆಂದು ಕತ್ತರಿಸಿದಳು. ಇನ್ನೊಂದು, ಆಸ್ಪತ್ರೆ ಗೀಸ್ಪತ್ರೆ ಅಂತ ಆಪತ್ತು ಬಂದರೆ ಇರಲಿ ಎಂದು ಅವಳ ಪರ್ಸಿನ ಮೂಲೆ ಸೇರಿತು.

ಎರಡು ಕೋಣೆಯ ಮನೆ ಬಿಟ್ಟು ಒಂದೇ ಕೋಣೆಯ ಮನೆಗೆ ಬಂದರು. ಬೈಕು ಮಾರಿ ಬಸ್ಸು ಹತ್ತಿದರು. ಊಟ ತರಿಸುವ ಆ್ಯಪುಗಳು ಇಬ್ಬರ ಫೋನಿನಿಂದಲೂ ಹೋದವು. ಬೆಳಿಗ್ಗೆ ಎರಡು ಡಬ್ಬಿ ತಯಾರು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಬಾಡಿದ ತರಕಾರಿಯನ್ನು ಅರ್ಧ ಬೆಲೆಗೆ ತರುವುದು. ಶಾಂಪೂ ಬಾಟಲಿಗೆ ನೀರು ಹಾಕಿ ಕುಲುಕುವುದು.

"ಖಜಾಂಚಿಯವರೇ, ಒಂದು ಬ್ಲೇಡ್ ಮಂಜೂರು ಮಾಡಿ. ಗಡ್ಡ ನೋಡಿ ಕೆಲಸದಿಂದ ತೆಗೆದಾರು!" ಎಂದು ಅವನು ಸಲ್ಯೂಟ್ ಹೊಡೆದು ನಿಲ್ಲುತ್ತಿದ್ದ.

"ಹೋದ ವಾರದ ಬ್ಲೇಡ್ ಏನಾಯ್ತು? ವಿವರಣೆ ಕೊಡಿ!"

ಬಡತನ ಅನ್ನಿಸಿರಲಿಲ್ಲ ಅವಳಿಗೆ. ಇಬ್ಬರೂ ಸೇರಿ ಆಡುವ ಆಟ ಅನ್ನಿಸಿತ್ತು. ಪ್ರತಿ ಕಂತು ಕಟ್ಟಿದಾಗಲೂ ಅವನಿಗೆ ಇನ್ನಷ್ಟು ಹತ್ತಿರವಾದೆ ಅನ್ನಿಸಿತ್ತು.

ದವಡೆಹಲ್ಲು ನೋಯುತ್ತಿದ್ದರೂ ಡಾಕ್ಟರ ಹತ್ತಿರ ಹೋಗದೆ, ಲವಂಗ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಮುಂದಿನ ತಿಂಗಳು ನೋಡೋಣ ಎಂದು.

ಈಗ ಬಚ್ಚಲಿನ ಕನ್ನಡಿಯಲ್ಲಿ ತನ್ನ ಊದಿದ ಕೆನ್ನೆ ನೋಡಿಕೊಂಡಳು.

ನಾನು ಹಲ್ಲುನೋವು ತಡ್ಕೊಂಡಿದ್ದು... ಅವಳ ವಾಚಿಗಾ? ಆ ಈಜುಕೊಳಕ್ಕಾ?

ಅವತ್ತು ಸಂಜೆ ಅವಳು ಬಸ್ಸು ಹತ್ತಲಿಲ್ಲ. ನೇರವಾಗಿ ಗಡಿಯಾರದ ಅಂಗಡಿಗೆ ಹೋದಳು. ಗಾಜಿನ ಪೆಟ್ಟಿಗೆಯೊಳಗೆ ಅದೇ ಹರಳಿನ ವಾಚು ಕಂಡಿತು. "ಇದಲ್ಲ. ಇದಕ್ಕಿಂತ ಜಾಸ್ತಿ ಬೆಲೇದು ಕೊಡಿ" ಎಂದು ಪರ್ಸಿನ ಮೂಲೆಯ ಕಾರ್ಡು ತೆಗೆದು ಮುಂದಿಟ್ಟಳು. ಎಂಥದೋ ಉರಿಯುವ ಖುಷಿ!

ಮನೆಯಲ್ಲಿ ಅವನು ಸೋರುವ ನಲ್ಲಿಯನ್ನು ತಾನೇ ಬಿಚ್ಚಿಕೊಂಡು ಕೂತಿದ್ದ. ಪ್ಲಂಬರ್ ಖರ್ಚು ಉಳಿಸಲಿಕ್ಕೆ.

ಅವಳು ಕೈ ಚಾಚಿ ಅವನ ಮೂಗಿನ ಮುಂದೆ ಹಿಡಿದಳು.

"ಹೇಗಿದೆ?"

"ಚೆನ್ನಾಗಿದೆ... ಯಾರದು?"

"ನಂದೇ. ಕಾರ್ಡ್ ಉಜ್ಜಿದೆ."

ಅವನ ಮುಖದ ಬಣ್ಣ ಇಳಿಯಿತು. "ಏನಾಯ್ತೇ ನಿಂಗೆ? ಇಷ್ಟು ದಿನ ಕಷ್ಟಪಟ್ಟು..."

"ಅವಳಿಗೆ ಉಜ್ಜಿದ್ದು ನಂಗೆ ಉಜ್ಜಬಾರದಾ? ಅವಳ ಕೈಗೆ ಒಪ್ಪಿದ್ದು ನನ್ನ ಕೈಗೆ ಒಪ್ಪಲ್ವಾ? ಇವತ್ತು ಬಂದಿದ್ಲು ರೀ ಪಾರ್ಲರಿಗೆ! ಫೋಟೋ ತೋರಿಸಿದ್ಲು. ಎಷ್ಟು ಚೆನ್ನಾಗಿ ನಗ್ತಿದ್ರಿ!"

ಅವನ ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು.

"ನೀನು ಕೇಳಿದ್ರೆ ಹೇಳ್ತಿದ್ದೆ ಕಣೇ..."

"ಹೇಳೋಕೆ ನಾನು ಕೇಳ್ಬೇಕಿತ್ತಾ? ಯಾವಳದೋ ಷೋಕಿಗೆ ನಾನು ಹೊಟ್ಟೆಬಟ್ಟೆ ಕಟ್ತಾ ಇದ್ದೀನಿ ಅಂತ ನಿಮಗೆ ಒಂದು ದಿನವೂ ಅನ್ನಿಸ್ಲಿಲ್ವಾ?"

ಅವನು ತಲೆ ತಗ್ಗಿಸಿ, ಬಿದ್ದ ಸ್ಪ್ಯಾನರ್ ಎತ್ತಿಕೊಂಡ. ಅದೇ ಅವಳನ್ನು ಸುಟ್ಟಿತು. ನಾಲ್ಕು ಬಟ್ಟೆ ಚೀಲಕ್ಕೆ ತುಂಬಿಕೊಂಡು ಅಕ್ಕನ ಮನೆಗೆ ಹೊರಟುಬಿಟ್ಟಳು.

ಅಕ್ಕ ಎಲ್ಲ ಕೇಳಿ, ನಿಟ್ಟುಸಿರು ಬಿಟ್ಟಳು. "ಅವನು ಸಾಲ ಮಾಡಿದ್ದು ನಿನ್ನ ಪರಿಚಯಕ್ಕೆ ಮುಂಚೆ ತಾನೇ?"

"ಮಾಡಿದ್ದು ಮುಂಚೆ. ತೀರಿಸ್ತಿರೋದು ಈಗ!"

"ಸರಿ ಹಾಗಾದ್ರೆ. ಆ ವಾಚ್ ನೋಡ್ಕೊಂಡಾದ್ರೂ ಖುಷಿಯಾಗಿರು."

ಖುಷಿ ಎಲ್ಲಿಂದ ಬರಬೇಕು? ಮರುದಿನವೇ ಅಂಗಡಿಗೆ ಹೋಗಿ ವಾಚನ್ನು ವಾಪಸ್ ಕೊಟ್ಟು, ಹಣ ಕಾರ್ಡಿಗೇ ಜಮೆಯಾಗುವಂತೆ ಮಾಡಿ ಬಂದಳು. ಹೊಟ್ಟೆಯಲ್ಲಿ ಕಿಚ್ಚು ಇತ್ತು ನಿಜ, ತಲೆ ಕೆಟ್ಟಿರಲಿಲ್ಲ.

ಅವನು ಫೋನ್ ಮಾಡುತ್ತಲೇ ಇದ್ದ. ಅವಳು ಎತ್ತಲಿಲ್ಲ. ಫೋನು ಬಡಿದುಕೊಳ್ಳುವಾಗ ಕೋಪ ಬರುತ್ತಿತ್ತು. ಬಡಿದುಕೊಳ್ಳುವುದು ನಿಂತರೆ ಅಳು ಬರುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದಳು. ಸಿಗ್ನಲ್ಲಿಗೆ ಬಸ್ಸು ನಿಂತಿತು. ಸುಮ್ಮನೆ ಕಿಟಕಿಯಾಚೆ ನೋಡಿದಳು.

ಕಾಫಿ ಅಂಗಡಿಯ ಗಾಜಿನ ಹಿಂದೆ ಅವನು! ಎದುರಿಗೆ... ಅವಳೇ. ತಾನೇ ಕೈಯಾರೆ ಕತ್ತರಿಸಿದ ಕೂದಲು, ಗುರುತು ಸಿಗದೇ ಇರುತ್ತದೆಯೇ? ಅವನು ಮುಂದಕ್ಕೆ ಬಾಗಿ ಏನೋ ಬೇಡಿಕೊಳ್ಳುತ್ತಿದ್ದ. ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

ನಾನು ಮನೆ ಬಿಟ್ಟಿದ್ದೇ ತಡ...! ಹಳೇ ಖಾತೆ ತೆರೆದುಬಿಟ್ರಾ?

ಬಸ್ಸು ಹೊರಟಿತು. "ರೀ ನಿಲ್ಲಿಸ್ರೀ!" ಎಂದು ಕಿರುಚಿದಳು. ಡ್ರೈವರು ನಿಲ್ಲಿಸಿದ್ದು ಮುಂದಿನ ಸ್ಟಾಪಿನಲ್ಲೇ. ಇಳಿದು, ಜನರನ್ನು ತಳ್ಳಿಕೊಂಡು ಹಿಂದಕ್ಕೆ ಓಡಿದಳು. ಅಳುತ್ತಾ ಅಕ್ಕನ ಮನೆಗೆ ಹೋಗುವವಳಲ್ಲ ಇವತ್ತು!

ಗಾಜಿನ ಬಾಗಿಲು ದೂಡಿ, ಆ ಮೇಜಿನ ಮುಂದೆ ನಿಂತಳು.

"ನಾನೂ ಕೂತ್ಕೋಬಹುದಾ?"

ಅವನು ಗಡಬಡಿಸಿ ಎದ್ದ. ಆ ಹುಡುಗಿ ಕಣ್ಣರಳಿಸಿದಳು. "ಅರೆ, ಪಾರ್ಲರ್‌ನವರು! ನೀವು ಇಲ್ಲಿ..."

"ನನ್ನ ಹೆಂಡತಿ" ಎಂದ ಅವನು.

ಆಕೆಯ ಮುಖ ಕೆಂಪಾಯಿತು. "ದೇವರೇ... ಅವತ್ತು ನಾನು ನಿಮ್ಮ ಮುಂದೆ ಏನೇನೆಲ್ಲ ಹೇಳಿದೆ!"

"ಎಲ್ಲಾ ಹೇಳಿದ್ರಿ. ಉಳಿದದ್ದನ್ನ ಇವರು ಹೇಳಲಿ." ಕುರ್ಚಿ ಎಳೆದು ಕೂತಳು.

ಅವನು ಬೆವರು ಒರೆಸಿಕೊಂಡ. "ಜಿಮ್... ಜಿಮ್‌ನ ವಿಷಯ ಕಣೇ."

"ಏನ್ ಜಿಮ್?"

"ಆಗ ಇವರನ್ನ ಒಂದು ಜಿಮ್ಮಿಗೆ ಸೇರಿಸಿದ್ದೆ. ಆ ದುಡ್ಡು ತಿಂಗಳಾ ತಿಂಗಳಾ ತಾನಾಗೇ ಹೋಗ್ತಾ ಇದೆ, ನೀನು ಕತ್ತರಿಸಿದ ಕಾರ್ಡಿನ ಖಾತೆಯಿಂದ; ಅದರ ಬಿಲ್ಲು ನನ್ನ ಫೋನಿಗೆ ಮಾತ್ರ ಬರುತ್ತೆ. ಇವತ್ತಿಗೂ. ಸೇರಿದವರೇ ನಿಲ್ಲಿಸ್ಬೇಕು ಅಂತಾರೆ ಜಿಮ್‌ನವರು. ಇವರಿಗೆ ಫೋನ್ ಮಾಡೋಕೆ ನಾಚಿಕೆ, ನಿಂಗೆ ಹೇಳೋಕೆ ಭಯ. ಓವರ್‌ಟೈಮ್ ಮಾಡಿ ಅದನ್ನ ಮುಚ್ಚಿಹಾಕ್ತಾ ಇದ್ದೆ. ನೀನು ಹೋದ ಮೇಲೆ, ಇನ್ನು ಮುಚ್ಚಿಡೋದು ಏನಿದೆ ಅಂತ ಇವರನ್ನ ಕರೆದೆ."

"ನಾನು ಆ ಜಿಮ್ಮಿಗೆ ಹೋಗೋದು ಬಿಟ್ಟೇ ಎಷ್ಟು ಕಾಲವಾಯ್ತು!" ಆಕೆಯ ದನಿ ಬಿದ್ದುಹೋಯಿತು. "ದುಡ್ಡು ಹೋಗ್ತಿದೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ."

ಆ ಹುಡುಗಿ ಅಲ್ಲೇ ಫೋನು ತೆಗೆದು, ಅವರಿಬ್ಬರ ಕಣ್ಣೆದುರೇ ಸದಸ್ಯತ್ವ ರದ್ದು ಮಾಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಒಂದು ಕೇಳ್ತೀನಿ. ದುಡ್ಡಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ನೀವೇ ರಾಜಕುಮಾರನ ಹಾಗೆ ಮೆರೆದ್ರಿ. ಆಮೇಲೆ ಹೇಳದೇ ಕೇಳದೇ ಮಾಯವಾದ್ರಿ. ತಪ್ಪು ನಂದು ಅಂತ ಎಷ್ಟು ದಿನ ಅತ್ತಿದ್ದೀನಿ ಗೊತ್ತಾ?"

"ತಪ್ಪಾಯ್ತು" ಎಂದ ಅವನು.

ಹೊರಡುವ ಮುಂಚೆ ಆಕೆ ಹಿಂಜರಿಯುತ್ತಾ ಕೇಳಿದಳು, "ಜಿಮ್ ದುಡ್ಡು ನಾನು ವಾಪಸ್ ಕೊಡ್ಲಾ?"

"ಛೆ ಛೆ, ಬೇಡ..." ಎಂದು ಅವನು ಶುರುಮಾಡುವಷ್ಟರಲ್ಲಿ,

"ಕೊಡಿ" ಎಂದಳು ಖಜಾಂಚಿ. "ಅರ್ಧ ಕೊಡಿ. ಹೋಗದ ಜಿಮ್ಮು ನಿಮ್ಮದು, ನೋಡದ ಬಿಲ್ಲು ನಮ್ಮದು."

ಆ ಹುಡುಗಿ ಮೊದಲ ಸಲ ಮನಸಾರೆ ನಕ್ಕಳು. ಹೊಟ್ಟೆಕಿಚ್ಚಿನ ನಡುವೆಯೂ ಅವಳಿಗೆ ಆಕೆ ಇಷ್ಟವಾಗಿಬಿಟ್ಟಳು. ಅದು ಇನ್ನೂ ಸಿಟ್ಟು ತರಿಸಿತು!

ಈಗ ಮೇಜಿಗೆ ಇಬ್ಬರೇ.

"ಇನ್ನೂ ಪ್ರೀತಿ ಇದೆಯಾ ಅವಳ ಮೇಲೆ?" ಲೋಟ ತಿರುಗಿಸುತ್ತಾ ಕೇಳಿದಳು. ಮುಖ ನೋಡುವ ಧೈರ್ಯವಿರಲಿಲ್ಲ.

"ಇಲ್ಲ ಕಣೇ. ಭಯ ಇತ್ತು. ಅವಳ ಮುಂದೆ ನಾನು ನಾನಾಗಿ ಇರ್ಲೇ ಇಲ್ಲ. ಆ ಫೋಟೋದಲ್ಲಿ ನಗ್ತಾ ಇದ್ದೆ ಅಂದ್ಯಲ್ಲ... ಆ ಹೋಟೆಲ್ ಬಿಲ್ ಕಾರ್ಡಲ್ಲಿ ಹೋಗುತ್ತೋ ಇಲ್ವೋ ಅಂತ ಒಳಗೊಳಗೇ ಸಾಯ್ತಾ ಇದ್ದೆ. ನನ್ನ ಹತ್ರ ಕಾಸಿಲ್ಲ ಅಂತ ಜೀವನದಲ್ಲಿ ಮೊದಲ ಸಲ ಹೇಳಿದ್ದು ನಿನ್ನ ಹತ್ರ. ನೀನು ಎದ್ದು ಹೋಗ್ಲಿಲ್ಲ. ಅವತ್ತೇ ನಾನು ನಿನ್ನವನಾದೆ."

ಅವಳ ಕಣ್ಣು ತುಂಬಿತು.

"ಮತ್ತೆ ಸಾಲ ಯಾರಿಗಾಗಿ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗ್ತೀಯ ಅಂತ. ನೋಡು, ಹೇಳದೇನೇ ಹೋಗೋ ಹಾಗೆ ಮಾಡ್ಕೊಂಡೆ."

"ನಂಗೆ ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ ರೀ..." ಅವಳು ಲೋಟ ಪಕ್ಕಕ್ಕೆ ಸರಿಸಿದಳು. "ಬೆಲೆ ನೋಡದೆ ಪ್ರೀತಿಸೋ ಗಂಡಸು ಅವಳಿಗೆ ಸಿಕ್ಕಿದ್ದ. ನಂಗೆ ಸಿಕ್ಕಿದ್ದು ಸೋಪಿನ ಬೆಲೆ ನೋಡೋನು. ನಾನು ಬರೀ ಸಾಲ ತೀರಿಸೋಕೆ ಬಂದವಳಾ ಅನ್ನಿಸ್ಬಿಡ್ತು."

ಅವನು ಅವಳ ಊದಿದ ಕೆನ್ನೆಯನ್ನೇ ನೋಡುತ್ತಿದ್ದ. "ಹಲ್ಲು ನೋಯ್ತಿದೆಯಾ?"

"ಹೂಂ."

"ಎಷ್ಟು ದಿನದಿಂದ?"

ಅವಳು ಕೆನ್ನೆಗೆ ಕೈ ಅಡ್ಡ ಇಟ್ಟುಕೊಂಡಳು. ತಾನೂ ಮುಚ್ಚಿಟ್ಟವಳೇ!

"ನಡಿ, ಡಾಕ್ಟರ್ ಹತ್ರ. ಈಗ್ಲೇ. ಈ ತಿಂಗಳ ಕಂತಿಗೆ ನಾನು ಇನ್ನೊಂದು ಕಟ್ಟಡದ ಕೆಲಸ ಒಪ್ಕೋತೀನಿ. ಬೇಡ ಅಂದ್ರೆ ಎತ್ಕೊಂಡು ಹೋಗ್ತೀನಿ!"

"ಮೆಟ್ಟಿಲು ಹತ್ತೋಕಾಗುತ್ತಾ?" ಅಳುತ್ತಲೇ ನಕ್ಕಳು.

ಹಲ್ಲಿಗೆ ಔಷಧಿ ತುಂಬಿಸಿಕೊಂಡು ಹೊರಬಂದಾಗ ಬೀದಿದೀಪಗಳು ಹತ್ತಿದ್ದವು. ಅರ್ಧ ಬಾಯಿ ಜೋಮು ಹಿಡಿದಿತ್ತು. ಇಬ್ಬರೂ ನಡೆದೇ ಹೊರಟರು. ಅಕ್ಕನ ಮನೆಯ ತಿರುವು ಬಂತು. ಅವಳು ಆ ಕಡೆ ತಿರುಗಲಿಲ್ಲ.

"ಒಂದು ಮಾತು ಕೊಡಿ. ಇನ್ಮೇಲೆ ಏನೇ ಇದ್ರೂ, ನಾನು ಕೇಳೋಕೆ ಮುಂಚೆ ಹೇಳ್ಬೇಕು."

"ಹೇಳ್ತೀನಿ." ಅವನು ನಿಂತ. "ಈಗ್ಲೇ ಒಂದು ಹೇಳೋದಿದೆ..."

ಅವಳು ಥಟ್ಟನೆ ಅವನ ಕಡೆ ತಿರುಗಿದಳು. "ಇನ್ನೊಂದು ಕಾರ್ಡಾ?!"

"ಅಲ್ವೇ ಮಾರಾಯ್ತಿ! ನೀನಿಲ್ಲದ ಮನೇಲಿ ನಂಗೆ ನಿದ್ದೆ ಬರಲ್ಲ."

ಅವಳು ಅವನ ತೋಳಿಗೆ ಹಣೆ ಆನಿಸಿ, ಜೋಮು ಹಿಡಿದ ಬಾಯಲ್ಲೇ ತೊದಲಿದಳು.

"ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಫೋನ್ ಎತ್ತಿದ್ರೆ ತಾನೇ!"