ಮೂರು ಸಲ ತಿರಸ್ಕರಿಸಿದವನು

"ಒಂದು ಹುಡುಗಿ ಕಷ್ಟಪಟ್ಟು ಮಾಡಿದ ಕೆಲಸಾನ ಮೂರು ಸಲ ತಿರಸ್ಕರಿಸಿದ್ದೀರಿ. ಕಾರಣ ಹೇಳಿ."

ಅವಳು ಅವನ ಲ್ಯಾಪ್‌ಟಾಪ್ ಮುಚ್ಚಿದ ರಭಸಕ್ಕೆ ಪಕ್ಕದಲ್ಲಿದ್ದ ಲೋಟ ಉರುಳಿ, ಬಿಸಿ ಕಾಫಿ ಅವನ ಅಂಗಿಯ ಮೇಲೆ ಚೆಲ್ಲಿತು. ಹ್ಯಾಕಥಾನ್ ಎಂಬ ಎರಡು ದಿನದ ಕೋಡಿಂಗ್ ಕೂಟಕ್ಕೆಂದು ಕಾಲೇಜಿನ ಸಭಾಂಗಣದಲ್ಲಿ ಸೇರಿದ್ದ ನೂರಿಪ್ಪತ್ತು ವಿದ್ಯಾರ್ಥಿಗಳು ಟೈಪ್ ಮಾಡುವುದನ್ನು ಬಿಟ್ಟು ತಲೆಯೆತ್ತಿದರು.

ಅವನು ಕರವಸ್ತ್ರ ತೆಗೆದು ಅಂಗಿ ಒರೆಸಿಕೊಂಡ.

"ಹೇಳೋಕಾಗಲ್ಲ."

"ಯಾಕಾಗಲ್ಲ?"

"ಮಾತು ಕೊಟ್ಟಿದ್ದೀನಿ."

ಎರಡು ವರ್ಷದಿಂದ ಅವಳ ಪಾಲಿಗೆ ಅವನು ಪರದೆಯ ಮೇಲಿನ ಒಂದು ಅಡ್ಡಹೆಸರು ಮಾತ್ರ... ಮೌನಿ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶವೊಂದನ್ನು ಇಬ್ಬರೂ ದೂರದಿಂದಲೇ ನೋಡಿಕೊಳ್ಳುತ್ತಿದ್ದರು. ಓಪನ್ ಸೋರ್ಸ್ ಕೆಲಸ. ಯಾರು ಬೇಕಾದರೂ ಅದರ ಕೋಡ್ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದು ಒಪ್ಪಿಗೆಯಾದರೆ ಅವರ ಹೆಸರು ಜಗತ್ತೇ ಓದುವಂತೆ ಅಲ್ಲಿ ಉಳಿದುಬಿಡುತ್ತದೆ.

ಅವಳ ತಪ್ಪುಗಳನ್ನು ಅವನು ಎಷ್ಟು ತಾಳ್ಮೆಯಿಂದ ತೋರಿಸಿಕೊಡುತ್ತಿದ್ದನೆಂದರೆ, ಕೆಲಸ ಮುಗಿದ ಮೇಲೂ ಅವಳು ಆ ಸಾಲುಗಳನ್ನು ಸುಮ್ಮನೆ ಮತ್ತೆ ಓದುತ್ತಿದ್ದಳು. ಮುಖ ನೋಡದವನನ್ನು ಹೀಗೆ ಹಚ್ಚಿಕೊಳ್ಳುತ್ತಾರಾ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಈ ಹ್ಯಾಕಥಾನ್‌ಗೆ ಮಾರ್ಗದರ್ಶಕರಾಗಿ ಬಂದ ಇಬ್ಬರೂ ಇವತ್ತೇ ಮೊದಲ ಸಲ ಎದುರಾಗಿದ್ದರು. 'ನಾನು ಹಚ್ಚಿಕೊಂಡದ್ದು ಇಂಥವನನ್ನಾ...' ಎಂದುಕೊಂಡಳು.

ತಿರಸ್ಕಾರಗೊಂಡ ಕೆಲಸ ಮಾಡಿದ್ದ ಆ ಹುಡುಗಿ ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹತ್ತೊಂಬತ್ತು ವರ್ಷ. ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಕೇಳಿದರೆ, ಬಾಗಿಲಿಗೆ ಸಿಕ್ಕಿತ್ತು ಎಂದಿದ್ದಳು. ಆ ಬೆರಳುಗಳಲ್ಲೇ ಅವಳು ಟೈಪ್ ಮಾಡುವ ವೇಗ ಕಂಡು ಜೊತೆಯವರು ಚುರುಕಿ ಎಂದು ಹೆಸರಿಟ್ಟಿದ್ದರು.

"ಹೊಸಬರನ್ನ ಕಂಡ್ರೆ ಅಷ್ಟು ತಾತ್ಸಾರನಾ ನಿಮಗೆ? ನೀವು ಒಪ್ಪದಿದ್ರೆ ಬಿಡಿ, ನಾನು ಒಪ್ತೀನಿ. ನನಗೂ ಆ ಅಧಿಕಾರ ಇದೆ."

"ಬೇಡ, ದಯವಿಟ್ಟು." ಅವನು ಎದ್ದು ನಿಂತ. "ನನ್ನ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೊಳ್ಳಿ. ಅದನ್ನ ಮಾತ್ರ ಒಪ್ಪಬೇಡಿ."

ಅವನ ಕಣ್ಣೆದುರೇ ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದಳು. ಚುರುಕಿಯ ಪೂರ್ತಿ ಹೆಸರು ಪರದೆಯ ಮೇಲೆ ಮೂಡಿತು. ಹುಡುಗಿ ಅದನ್ನೇ ನೋಡುತ್ತಾ ಕೂತಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣದ ಗಾಜಿನ ಬಾಗಿಲು ಒಡೆದು ಚೂರಾಯಿತು.

ಒಳಗೆ ನುಗ್ಗಿದವನ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸಲಾಕೆ. ಅವನ ಹಿಂದೆ, ಹೊಸ್ತಿಲಲ್ಲಿ ಕಾವಲುಗಾರ ಹಣೆ ಹಿಡಿದು ಕುಸಿದಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ಅಣ್ಣ..." ಎಂದಳು ಚುರುಕಿ, ಮೇಜಿನ ಹಿಂದಕ್ಕೆ ಸರಿಯುತ್ತಾ.

"ಮನೆ ಬಿಟ್ಟು ಓಡಿಬಂದು ಇಲ್ಲಿ ಹೆಸರು ಹಾಕ್ಕೊಂಡು ಮೆರೀತಿದ್ದೀಯಾ? ಆವತ್ತು ಎರಡೇ ಬೆರಳು ಮುರಿದೆ. ಇವತ್ತು ಕೈಯನ್ನೇ ಉಳಿಸಲ್ಲ."

ಜಡೆ ಹಿಡಿದು ಎಳೆದ. ಕುರ್ಚಿಗಳು ಉರುಳಿದವು. ಒಡೆದ ಗಾಜಿನ ಮೇಲೆ ಹುಡುಗಿಯ ಮೊಣಕಾಲು ಉಜ್ಜಿ ನೆಲದ ಮೇಲೆ ಕೆಂಪು ಗೆರೆ ಬಿತ್ತು. ನಿನ್ನೆ ಗುಂಡಿ ಒತ್ತಿದ್ದ ಮಾರ್ಗದರ್ಶಕಿ ಓಡಿಬಂದು ಆ ಮನುಷ್ಯನ ತೋಳಿಗೆ ಜೋತುಬಿದ್ದಳು, ಹಲ್ಲೂರಿ ಕಚ್ಚಿದಳು. ಅವನ ಮೊಣಕೈ ಮುಖಕ್ಕೆ ಅಪ್ಪಳಿಸಿತು. ತುಟಿ ಸೀಳಿ ಬಾಯಿ ತುಂಬ ರಕ್ತ. ಬಿದ್ದಲ್ಲಿಂದ ತಲೆಯೆತ್ತಿದಾಗ ಸಲಾಕೆ ತನ್ನ ನೆತ್ತಿಯ ಮೇಲೆಯೇ ಎದ್ದಿತ್ತು.

ಅದು ಅವಳ ಮೇಲೆ ಬೀಳಲಿಲ್ಲ.

ಮೌನಿ ಅಡ್ಡ ಬಂದಿದ್ದ. ಅವನ ತೋಳಿನ ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೇ ಏಟು ಪಕ್ಕೆಗೆ. ಮೂರನೆಯದು ತಲೆಗೆ. ಕುಸಿದುಬಿದ್ದರೂ ಅವನು ಉಳಿದ ಒಂದು ಕೈಯಿಂದ ಆ ಮನುಷ್ಯನ ಕಾಲು ತಬ್ಬಿ ಹಿಡಿದಿದ್ದ.

"ಹುಡುಗೀನ ಕರ್ಕೊಂಡು ಓಡಿ," ಎಂದ.

ಅವಳು ಓಡಲಿಲ್ಲ. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಿತ್ತು ಆ ಮನುಷ್ಯನ ಮಂಡಿಗೆ ಬೀಸಿದಳು. ಇನ್ನೊಮ್ಮೆ ಬೀಸಿದಳು. ಅವನು ಕಿರುಚಿ ಮಗುಚಿಬಿದ್ದ. ಸಲಾಕೆ ದೂರ ಉರುಳಿತು. ಅವಳು ಸಿಲಿಂಡರನ್ನು ಅವನ ತಲೆಗೆ ನೇರವಾಗಿ ಎತ್ತಿದಳು. ಆ ಗಳಿಗೆಯಲ್ಲಿ ಅವಳಿಗೆ ಕೊಲ್ಲಬೇಕೆನಿಸಿತ್ತು, ನಿಜವಾಗಿಯೂ.

"ಸಾಕು..." ನೆಲದಿಂದ ಮೌನಿಯ ದನಿ. "ಕೆಳಗಿಡಿ. ನಿಮ್ಮ ಕೈಯಲ್ಲಿ ಅದು ಆಗಬಾರದು."

ಸಿಲಿಂಡರ್ ಅವಳ ಕೈಯಿಂದ ಜಾರಿತು. ಆರೇಳು ವಿದ್ಯಾರ್ಥಿಗಳು ಆ ಮನುಷ್ಯನ ಮೇಲೆ ಬಿದ್ದು, ಪೊಲೀಸರು ಬರುವವರೆಗೂ ಅದುಮಿ ಹಿಡಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಚುರುಕಿ ಎಲ್ಲವನ್ನೂ ಹೇಳಿದಳು. ಕಾಲೇಜು ಬಿಡಲ್ಲ ಎಂದದ್ದಕ್ಕೆ ಬಾಗಿಲ ಸಂದಿಗೆ ಅವಳ ಕೈ ಇಟ್ಟು ಬೆರಳು ಮುರಿದವನು ಅಣ್ಣನೇ. ಮೂರು ತಿಂಗಳಿಂದ ಅವಳು ಈ ಊರಿನ ಗೆಳತಿಯೊಬ್ಬಳ ಕೋಣೆಯಲ್ಲಿ ಅಡಗಿದ್ದಳು.

"ಇಲ್ಲಿ ಮೌನಿ ಸರ್‌ಗೆ ಮಾತ್ರ ಗೊತ್ತಿತ್ತು ಅಕ್ಕ. ಹೆಸರು ಬದಲಾಯಿಸಿ ಕಳ್ಸು, ತಕ್ಷಣ ಒಪ್ತೀನಿ ಅಂದ್ರು. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದೆ. ಆದ್ರೂ ಮೂರು ಸಲಾನೂ ನನ್ನ ಹೆಸರೇ ಹಾಕಿದೆ. ನೀವು ಒಪ್ಪಿದಾಗ ಬೇಡ ಅನ್ನೋಕೆ ಬಾಯೇ ಬರಲಿಲ್ಲ... ಒಂದೇ ಒಂದು ಸಲ ಅಲ್ಲಿ ನನ್ನ ಹೆಸರು ನೋಡಬೇಕಿತ್ತು. ಅಣ್ಣ ದಿನಾ ನೆಟ್‌ನಲ್ಲಿ ನನ್ನ ಹೆಸರು ಹುಡುಕ್ತಿದ್ದನಂತೆ. ಹೆಸರಿನ ಜೊತೆಗೇ ಈ ಹ್ಯಾಕಥಾನ್ ಎಲ್ಲಿ ಅಂತಾನೂ ಇತ್ತು."

ಅವಳು ಹುಡುಗಿಯನ್ನು ಎದೆಗೊತ್ತಿಕೊಂಡಳು. 'ಬಾಗಿಲು ತೆರೆದುಕೊಟ್ಟವಳು ನಾನೇ...' ಹೊಲಿಗೆ ಹಾಕಿದ್ದ ತುಟಿಗಿಂತ ಆ ಮಾತು ಹೆಚ್ಚು ಉರಿಯಿತು.

ಆ ಮಧ್ಯಾಹ್ನ ಚುರುಕಿ ಪೊಲೀಸರೆದುರು ಕೂತು ಹೇಳಿಕೆ ಕೊಟ್ಟಳು. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಮೌನಿಗೆ ಪೂರ್ತಿ ಎಚ್ಚರವಾದದ್ದು ಮೂರನೇ ದಿನ. ತಲೆಗೆ ಹದಿನಾಲ್ಕು ಹೊಲಿಗೆ, ತೋಳಿಗೆ ಭುಜದವರೆಗೂ ಪ್ಲಾಸ್ಟರ್. ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು.

"ಬೈಯಿರಿ ನನ್ನ," ಎಂದಳು ಅವಳು, ಮಂಚದ ಪಕ್ಕ ನಿಂತೇ.

"ಉಸಿರಾಡೋಕೇ ಕಷ್ಟ. ಬೈಯೋದು ಹೇಗೆ?"

ಅವಳಿಗೆ ನಗು ಬಂತು. ತುಟಿಯ ಹೊಲಿಗೆ ಎಳೆದು, ನಗು ಅಳುವಾಯಿತು.

"ನೀವು ಸತ್ತುಹೋಗಿದ್ರೆ..."

"ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬಾಯಿ ಮುಚ್ಕೊಂಡು ಕೂತೆ. ತಪ್ಪು ಪೂರ್ತಿ ನಿಮ್ಮದೇ ಅಂತ ಎತ್ತಿಕೊಳ್ಳಬೇಡಿ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದ. "ಈ ಊರಿಗೆ ಬರೋಕೆ ಮೊದಲು ಒಪ್ಪಿರಲಿಲ್ಲ ನಾನು. ಮಾರ್ಗದರ್ಶಕರ ಪಟ್ಟೀಲಿ ನೀವಿದ್ದೀರಿ ಅಂತ ಗೊತ್ತಾದ ಮೇಲೆ ಟಿಕೆಟ್ ತಗೊಂಡೆ. ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸ್ಕೊಂಡಿದ್ದೆ. ಎದುರಿಗೆ ಬಂದು ನಿಂತ್ರಿ... ಒಂದೂ ನೆನಪಾಗಲಿಲ್ಲ."

ಅವಳು ಕುರ್ಚಿ ಎಳೆದು ಕೂತಳು. ಪ್ಲಾಸ್ಟರ್ ಇಲ್ಲದ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

"ಈಗ ನೆನಪಿದೆಯಾ?"

"ಇಲ್ಲ. ಹೊಸದೊಂದು ಸಾಲಿದೆ."

"ಹೇಳು."

ಅವಳ ಬಾಯಿಂದ ಬಂದ ಏಕವಚನಕ್ಕೆ ಅವನು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದ.

"ನಾನು ಎದ್ದು ಓಡಾಡೋ ಹಾಗಾಗೋಕೆ ಎರಡು ತಿಂಗಳಾಗುತ್ತಂತೆ. ಅಲ್ಲೀವರೆಗೂ... ನೀನು ಇಲ್ಲೇ ಇರ್ತೀಯಾ?"

"ಎರಡು ತಿಂಗಳು ಮಾತ್ರನಾ?" ಎಂದಳು ಅವಳು.